ಎಡಕ್ಕೆ ಎಳೆಯುವ ಕಾರು

ಎರಡನೇ ಮಹಾಯುದ್ಧ ನಡೆಯುತ್ತಿದ್ದ ಕಾಲ. ಮುಳಬಾಗಿಲಿನಲ್ಲಿ ನನ್ನದೊಂದು ಚಿಕ್ಕ ದವಾಖಾನೆ ಇತ್ತು. ಸುತ್ತಲಿನ ಹಳ್ಳಿಗಳಿಂದ ಹೆರಿಗೆಗೆ ಕರೆ ಬಂದರೆ ಲೇಡಿ ಡಾಕ್ಟರ್ ಎಂದು ನಾನೊಬ್ಬಳೇ ಹೋಗಬೇಕು. ಅದಕ್ಕೆಂದು ಹಳೆಯ ಕಾರೊಂದನ್ನು ಇಟ್ಟುಕೊಂಡಿದ್ದೆ. ಡ್ರೈವರು ನನಗಿಂತ ಇಪ್ಪತ್ತು ವರ್ಷ ದೊಡ್ಡವರು, ಮಾತು ಕಡಿಮೆ.

ಒಂದು ಬೆಳಿಗ್ಗೆ ತಾಯಲೂರಿನ ಕೆರೆ ಏರಿಯ ಮೇಲೆ ಎಮ್ಮೆಯೊಂದು ಅಡ್ಡ ಬಂತು. ಅದನ್ನು ತಪ್ಪಿಸಲು ಹೋಗಿ ಕಾರು ಕೆಳಕ್ಕುರುಳಿತು. ನನ್ನ ಮೊಣಕೈ ತರಚಿತು, ಡ್ರೈವರ ಹಲ್ಲೊಂದು ಹೋಯಿತು. ಎಮ್ಮೆಗೆ ಏನೂ ಆಗಲಿಲ್ಲ.

ಬೆಂಗಳೂರಿನ ವಿಮಾ ಕಂಪನಿಯಿಂದ ಒಬ್ಬರು ಬಂದು ಕಾರಿನ ಸುತ್ತ ತಿರುಗಿ, ಬಗ್ಗಿ ನೋಡಿದರು. "ಇದರ ಕತೆ ಮುಗೀತು ಡಾಕ್ಟರಮ್ಮ. ರಿಪೇರಿ ಮಾಡ್ಸೋದು ದಂಡ." ಪರಿಹಾರ ಕೊಟ್ಟರು. ಕಾರು ಬೇಕಿದ್ದರೆ ಇಟ್ಟುಕೊಳ್ಳಬಹುದು, ಆದರೆ ಇನ್ನು ಮುಂದೆ ಅದರ ಹೊಣೆ ತಮ್ಮದಲ್ಲ ಎಂದು ಬರೆಸಿಕೊಂಡರು. ಯುದ್ಧದಿಂದಾಗಿ ಆಗ ಹೊಸ ಕಾರು ಸಿಗುವಂತಿರಲಿಲ್ಲ.

ಲಾರಿಗೆ ಕಟ್ಟಿ ಕೋಲಾರಕ್ಕೆ ಎಳೆಸಿದೆ. ಅಲ್ಲಿನ ಮೆಕ್ಯಾನಿಕ್ ಸಾಹೇಬರು ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ ದಾರ ಹಿಡಿದು ಎರಡೂ ಬದಿ ಅಳೆದರು. ಎಡಗಡೆ ಮೂರು ಬೆರಳು ಕಡಿಮೆ.

"ಚಾಸೀಸೇ, ಅಡಿ ಚೌಕಟ್ಟೇ ಬಗ್ಗೋಗ್ಯದೆ ಅಮ್ಮಾ. ತಟ್ಟಿ ಸ್ವಲ್ಪ ನೆಟ್ಟಗೆ ಮಾಡ್ತೀನಿ. ಓಡ್ತದೆ, ಆದ್ರೆ ಸೀದಾ ಹೋಗಲ್ಲ."

"ನಿಮ್ಮ ಮನೆಯವರನ್ನ ಇದರಲ್ಲಿ ಕೂರಿಸ್ತೀರಾ?"

ಅವರು ದಾರ ಸುತ್ತುತ್ತಾ ಯೋಚಿಸಿದರು. "ಬೇರೆ ಗಾಡಿ ಇಲ್ದಿದ್ರೆ ಕೂರಿಸ್ತೀನಿ."

ರಿಪೇರಿಯಾದ ಮೇಲೆ ಡ್ರೈವರು ಒಂದು ಸುತ್ತು ಓಡಿಸಿ ಬಂದು, "ಎಡಕ್ಕೆ ಎಳೀತದೆ, ಅಷ್ಟೇ. ನಾನ್ ನೋಡ್ಕೊಂತೀನಿ ಬಿಡಿ" ಎಂದರು. ಇಟ್ಟುಕೊಂಡೆ.

ಒಂದೂವರೆ ವರ್ಷ ಓಡಿತು. ನಾನು ಯಾವಾಗಲೂ ಹಿಂದಿನ ಸೀಟಿನಲ್ಲಿ ಕೂತು ಏನಾದರೂ ಓದುತ್ತಿದ್ದೆ.

ಒಂದು ಮಧ್ಯಾಹ್ನ ತಾಯಲೂರಿನಲ್ಲಿ ಒಬ್ಬ ಹುಡುಗಿಯ ಹೊಟ್ಟೆಯಲ್ಲಿ ಮಗು ಅಡ್ಡ ತಿರುಗಿತ್ತು. ಕೋಲಾರದ ಆಸ್ಪತ್ರೆಗೇ ಒಯ್ಯಬೇಕು. ಅವಳನ್ನು ಹಿಂದೆ ಮಲಗಿಸಿ, ಅವಳ ತಾಯಿಯನ್ನು ಪಕ್ಕದಲ್ಲಿ ಕೂರಿಸಿ, ನಾನು ಮುಂದೆ ಕೂತೆ. ಹಳ್ಳ ಬಂದಾಗಲೆಲ್ಲ ಆ ತಾಯಿ ತೆಲುಗಿನಲ್ಲಿ "ಮೆಲ್ಲಗಾ, ಮೆಲ್ಲಗಾ" ಎನ್ನುತ್ತಿದ್ದಳು. ಆಗ ಮೊದಲ ಸಲ ಡ್ರೈವರ ಕೈಗಳನ್ನು ನೋಡಿದೆ. ನರಗಳು ಉಬ್ಬಿದ್ದವು. ಸ್ಟೀರಿಂಗನ್ನು ಮೈಭಾರವೆಲ್ಲ ಹಾಕಿ ಬಲಕ್ಕೆ ಜಗ್ಗಿ ಹಿಡಿದಿದ್ದರು.

ಹುಡುಗಿ, ಮಗು ಇಬ್ಬರೂ ಉಳಿದರು. ಆಸ್ಪತ್ರೆಯ ಹೊರಗೆ ಡ್ರೈವರಿಗೆ ಕಾಫಿ ತರಿಸಿಕೊಟ್ಟರೆ, ಲೋಟ ಹಿಡಿಯಲಾಗದೆ ಕೆಳಗಿಟ್ಟರು.

"ಯಾವಾಗಿಂದ ಹೀಗೆ?"

"ಮೊದ್ಲಿಂದ್ಲೂ."

"ನನಗೆ ಹೇಳಬಾರದಿತ್ತಾ?"

"ಹೇಳಿದ್ರೆ ಕಾರು ಬಿಟ್ಬಿಡ್ತಿದ್ರಿ. ಎತ್ತಿನ ಗಾಡೀಲಿ ಬಂದಿದ್ರೆ ಈ ಹುಡುಗಿ ಉಳೀತಿದ್ಲಾ ಅಮ್ಮಾ?"

ಆದರೂ ಅಂದೇ ಕಾರನ್ನು ಮೆಕ್ಯಾನಿಕ್ ಸಾಹೇಬರ ಅಂಗಳದಲ್ಲಿ ಬಿಟ್ಟು ಇಬ್ಬರೂ ಬಸ್ಸಿನಲ್ಲಿ ಊರಿಗೆ ಮರಳಿದೆವು.

ಡ್ರೈವರು ದವಾಖಾನೆಯಲ್ಲಿ ಚೀಟಿ ಕೊಡುವ ಕೆಲಸಕ್ಕೆ ಕೂತರು. ಅದು ಅವರಿಗೆ ಹಿಡಿಸಲಿಲ್ಲ. ನಾನು ಜಟಕಾದಲ್ಲಿ ಹೋಗತೊಡಗಿದೆ, ದೂರದ ಹಳ್ಳಿಗಳಿಗೆ ಹೋಗುವುದು ಕಡಿಮೆಯಾಯಿತು. ಆ ಮಳೆಗಾಲ ಒಂದು ಮನೆಗೆ ನಾನು ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು; ತಾಯಿ, ಮಗು ಇಬ್ಬರೂ ಉಳಿದಿರಲಿಲ್ಲ. ಮರಳಿ ಬಂದಾಗ ಡ್ರೈವರು ಏನಾಯಿತೆಂದು ಕೇಳಿದರು. ಹೇಳಿದೆ. ಕಾರಿನ ಮಾತನ್ನು ಇಬ್ಬರೂ ಎತ್ತಲಿಲ್ಲ.