ಬೆಳ್ಮಣ್ಣಿನ ಲಾರೆನ್ಸರ ಕವಾಟ

೧೯೮೩ರಲ್ಲಿ ನಾನು ಮಣಿಪಾಲದಲ್ಲಿ ಪೆಥಾಲಜಿಯ ಸ್ನಾತಕೋತ್ತರ ವಿದ್ಯಾರ್ಥಿ. ಓದಿನಲ್ಲಿ ಸಾಧಾರಣ, ಅಣಕಿಸುವುದರಲ್ಲಿ ಮೊದಲ ರ‍್ಯಾಂಕು. ಗಂಟಲು ಸರಿಪಡಿಸದೆ ಬಾಯಿ ತೆರೆಯದ ಪ್ರೊಫೆಸರರಿಂದ ಹಿಡಿದು ವೈವಾದಲ್ಲಿ ಬೆವರುವ ನನ್ನ ತನಕ ಎಲ್ಲರನ್ನೂ ಕ್ಯಾಂಟೀನಿನಲ್ಲಿ ಆಡಿ ತೋರಿಸುತ್ತಿದ್ದೆ. ಕೆಟ್ಟ ಹೃದಯದ ಸದ್ದನ್ನೂ, ಅಂದರೆ ಮರ್ಮರನ್ನೂ, ಬಾಯಲ್ಲೇ ಮಾಡುತ್ತಿದ್ದೆ.

"ನನ್ನ ಹಾಗೆ ಮಾತಾಡಿದ್ದು ಸಾಕು ಮಾರಾಯ, ಸ್ವಲ್ಪ ನನ್ನ ಹಾಗೆ ಓದು," ಎಂದಿದ್ದರು ಪ್ರೊಫೆಸರರು, ಗಂಟಲು ಸರಿಪಡಿಸಿಕೊಂಡೇ.

ಆ ವರ್ಷ ಬೆಳ್ಮಣ್ಣಿನ ಲಾರೆನ್ಸ್, ಕಾರ್ಕಳದ ಬೇಕರಿಯೊಂದರ ಕೆಲಸಗಾರರು, ಹೃದಯದ ಕವಾಟ ಕೆಟ್ಟು ತೀರಿಕೊಂಡರು. ಅವರ ತಾಯಿ ಹೋದದ್ದೂ ಎದೆಯ ಕಾಯಿಲೆಯಿಂದಲೇ. ಶವಪರೀಕ್ಷೆಗೆ ಒಪ್ಪಿಗೆ ಕೇಳಿದಾಗ ಹೆಂಡತಿ ಹಿಲ್ಡಾಬಾಯಿ ಒಂದೇ ಷರತ್ತು ಹಾಕಿದರು: "ಕೊಯ್ದು ನೋಡಿ. ಆದ್ರೆ ನನ್ನ ಮಗಳಿಗೂ ಇದು ಬರ್ತದಾ ಇಲ್ವಾ, ಅದು ಹೇಳ್ಬೇಕು."

ಕವಾಟ ಕಲ್ಲಿನಂತಾಗಿತ್ತು. ಬಾಲ್ಯದಲ್ಲಿ ಗಂಟು ನೋವಿನ ಜೊತೆ ಬಂದು ಹೃದಯ ಕೆಡಿಸುವ ರುಮ್ಯಾಟಿಕ್ ಜ್ವರದ ಗಾಯ. ನಮ್ಮಲ್ಲಿ ದಿನವೂ ಕಾಣುವಂಥದು. ಆದರೆ ತೆಳುವಾಗಿ ಕತ್ತರಿಸಿ, ಕಾಂಗೋ ರೆಡ್ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಗಾಯದ ನಡುವೆ ಕೆಂಪು ತೇಪೆಗಳು ಕಂಡವು; ಪೋಲರೈಸ್ಡ್ ಬೆಳಕಿನಲ್ಲಿ ಅವೇ ಹಸಿರಾದವು. ಅಮಿಲಾಯ್ಡ್, ಅಂದರೆ ಕರಗದೆ ಶೇಖರವಾಗುವ ಒಂದು ಬಗೆಯ ಪ್ರೋಟೀನ್. ಕವಾಟದಲ್ಲಿ ಇದನ್ನು ನಾವು ಕಂಡೇ ಇರಲಿಲ್ಲ; ವಿಭಾಗಕ್ಕೆ ಹಬ್ಬ. ಪ್ರೊಫೆಸರರು ಗಂಟಲು ಸರಿಪಡಿಸುವುದನ್ನೇ ಮರೆತರು.

ಇದು ಇಡೀ ದೇಹದ ರೋಗವೇ? ಹಾಗಿದ್ದರೆ ಕ್ಷಯದಂಥ ಹಳೆಯ ಕಾಯಿಲೆ ಕಾರಣವಿರಬಹುದು. ಕೆಲವು ಬಗೆ ವಂಶದಲ್ಲೂ ಇಳಿಯುತ್ತವೆ. ಕಿಡ್ನಿ, ಲಿವರ್, ಗುಲ್ಮ ಎಲ್ಲಕ್ಕೂ ಬಣ್ಣ ಹಾಕಿ ವಾರಗಟ್ಟಲೆ ನೋಡಿದೆ. ಎಲ್ಲೂ ಇಲ್ಲ. ಗಾಯದ ಕವಾಟಕ್ಕೆ ವರ್ಷಗಟ್ಟಲೆ ರಕ್ತ ಅಪ್ಪಳಿಸಿ ಅಲ್ಲೇ ಉಂಟಾದದ್ದಿರಬೇಕು, ಖಚಿತ ಕಾರಣ ತಿಳಿಯದು ಎಂದು ಬರೆದೆವು.

ಹಿಲ್ಡಾಬಾಯಿ ಹತ್ತು ವರ್ಷದ ಮಗಳು ಜೆಸ್ಸಿಯನ್ನು ಕರೆದುಕೊಂಡು ಬಂದರು.

"ವಂಶದ್ದಲ್ಲ," ಎಂದೆ.

ಅವರು ಸೆರಗಿನಿಂದ ಮುಖ ಒರೆಸಿಕೊಂಡರು. "ದೊಡ್ಡ ಡಾಕ್ಟ್ರು ಎಲ್ಲರನ್ನೂ ಕರೆದು ಇವಳ ಅಪ್ಪನ ಎದೆಯಲ್ಲಿ ಕೇಳಿಸ್ತಿದ್ರಲ್ಲ, ಅದು ಎಂತ? ಮಲಗಿದ್ರೆ ಉಸಿರು ಕಟ್ತದೆ ಅಂತ ಇವರು ಕುರ್ಚಿಯಲ್ಲಿ ಕೂತೇ ನಿದ್ದೆ ಮಾಡಿದ್ದು. ಎದೆಗೆ ಕಿವಿ ಇಟ್ಟು ನಾನು ಕೇಳಿದವಳೇ ಅಲ್ಲ."

ನನಗೆ ಅಷ್ಟು ಸಾಕು. ಬಡಿತದ ನಡುವೆ ಸೈಕಲ್ ಪಂಪು ಊದಿದಂಥ ಆ ಸದ್ದನ್ನು ಮಾಡಿ ತೋರಿಸಿದೆ. ಜೆಸ್ಸಿ ನಕ್ಕಳು. ತಾಯಿ ನಗಲಿಲ್ಲ.

"ಇದು ಇವಳಲ್ಲಿ ಉಂಟು. ಅಪ್ಪಿ ಮಲಗಿದ್ರೆ ಕೇಳ್ತದೆ. ಹೋದ ವರ್ಷ ಗಂಟು ನೋವು, ಜ್ವರ ಬಂದಿತ್ತಲ್ಲ, ಆಮೇಲೆ."

ಸೂಕ್ಷ್ಮದರ್ಶಕ ನೋಡುವ ಪೆಥಾಲಜಿಯವನ ಹತ್ತಿರ ಸ್ಟೆತಸ್ಕೋಪ್ ಎಲ್ಲಿಂದ? ವಾರ್ಡಿನಿಂದ ತಂದು ಜೆಸ್ಸಿಯ ಎದೆಗೆ ಇಟ್ಟೆ. ನನ್ನ ಅಣಕಕ್ಕಿಂತ ಚೆನ್ನಾಗಿಯೇ ಇತ್ತು ಸದ್ದು.

"ವಂಶದ್ದಲ್ಲ ಅಂದ್ರಿ," ಎಂದರು ಹಿಲ್ಡಾಬಾಯಿ.

"ಅಲ್ಲ. ಗಂಟಲು ನೋವಿನಿಂದ ಶುರುವಾಗುವ ಜ್ವರ. ಅಪ್ಪನಿಗೂ ಅದೇ ಬಂದದ್ದು."

"ಅಷ್ಟೇಯಾ?"

ಅಷ್ಟೇ. ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್. ಮುಂದಿನ ಗಾಯ ತಡೆಯಲು, ಆದದ್ದನ್ನು ಅಳಿಸಲು ಅಲ್ಲ.

ರಿಪೋರ್ಟು ಹೇಳುವ ಮೊದಲು, ಕೇಳಲು ಬಂದವರ ಪಕ್ಕದಲ್ಲಿ ಯಾರು ಕುಳಿತಿದ್ದಾರೆ ಎಂದು ನೋಡುವುದನ್ನು ಈ ಕೆಲಸ ನನಗೆ ಕಲಿಸಿತು. ನಾನು ಇಲ್ಲೇ ಉಳಿದೆ; ದೊಡ್ಡವಳಾದ ಜೆಸ್ಸಿ ಈಗಲೂ ಇಂಜೆಕ್ಷನ್ನಿಗೆ ಬಸ್ಸಿನಲ್ಲಿ ಬರುತ್ತಾಳೆ, ಪ್ರೊಫೆಸರರನ್ನು ಆಡಿ ತೋರಿಸಲು ಹೇಳುತ್ತಾಳೆ. ಮೊದಲೆಲ್ಲ ನಮ್ಮ ವಿಭಾಗದ ಮೆಟ್ಟಿಲು ಓಡಿಯೇ ಹತ್ತುತ್ತಿದ್ದಳು. ಈಗ ಉಸಿರಿಗಾಗಿ ನಡುವೆ ನಿಲ್ಲುತ್ತಾಳೆ. ಅದಕ್ಕೇ ನಾನು ಕೆಳಗೆ ಇಳಿದು ಕಾಯುತ್ತೇನೆ.