ಹದಿಮೂರನೇ ನಂಬರಿನ ಗಂಡ

ಆರ್ಡಿಸ್ ಹಾಲ್ವರ್ಸನ್‌ಗೆ ಮದುವೆಯಾಗಿರಲಿಲ್ಲ. ಆದರೂ ಅವಳ ಗಂಡನ ಕಾಲಿನ ಅಳತೆ ಹದಿಮೂರು ಎಂಬುದು ಹಾಸ್ಕೆಟ್ ಊರಿನ ಅರ್ಧ ಜನಕ್ಕೆ ಗೊತ್ತಿತ್ತು. ಗಂಡನ ಹೆಸರು ಡೇಲ್. ಆಳು ಆರಡಿ ಮೂರಿಂಚು, ಗೊರಕೆ ಜೋರು, ಬೆಳಿಗ್ಗೆ ಕಾಫಿ ಕುಡಿಯುವ ತನಕ ಮಾತಿಲ್ಲ. ಇಷ್ಟೆಲ್ಲ ವಿವರಗಳಿದ್ದೂ ಇಲ್ಲದೇ ಹೋಗಿದ್ದು ಆ ಮನುಷ್ಯನೊಬ್ಬನೇ. ಇದ್ದದ್ದು ಅವನ ಬೂಟುಗಳು ಮಾತ್ರ. ಕೈ ಹಿಡಿಯುವ ಗಂಡ ಸಿಗದವಳಿಗೆ ಬರೀ ಕಾಲಿರುವ ಗಂಡ ಸಿಕ್ಕಿದ್ದ.

ಆರ್ಡಿಸ್ ಕೌಂಟಿಯ ರಸ್ತೆ ಇಲಾಖೆಯಲ್ಲಿ ಡ್ರೈವರ್. ಬೇಸಿಗೆಯಲ್ಲಿ ಮಣ್ಣಿನ ರಸ್ತೆ ಮಟ್ಟ ಮಾಡುವುದು, ಚಳಿಗಾಲದಲ್ಲಿ ಹಿಮ ತಳ್ಳುವುದು. ವಯಸ್ಸು ಐವತ್ತನಾಲ್ಕು. ಮೊಂಟಾನಾದ ಆ ಮೂಲೆಯಲ್ಲಿ ಹಿಮಕ್ಕೆ ಬರ ಇಲ್ಲವಾದ್ದರಿಂದ ಅವಳ ಕೆಲಸಕ್ಕೂ ಬರ ಇರಲಿಲ್ಲ. ವರ್ಷಕ್ಕೊಂದು ವಾರ ಮಾತ್ರ, ನವೆಂಬರ್ ಶುರುವಿನಲ್ಲಿ, ರಜೆ ಹಾಕಿ ಕುಂಟ ಕುದುರೆ ಹಳ್ಳದ ಮೇಲ್ಗಡೆ ಒಬ್ಬಳೇ ಟೆಂಟು ಹೊಡೆಯುತ್ತಿದ್ದಳು. ಎಲ್ಕ್ ಎಂಬ ದೊಡ್ಡ ಕಡವೆ ಒಂದು ಬಿದ್ದರೆ ಮುಂದಿನ ನವೆಂಬರ್‌ವರೆಗೆ ಫ್ರೀಜರ್ ತುಂಬಿರುತ್ತಿತ್ತು.

ಡೇಲ್ ಹುಟ್ಟಿದ್ದು ಹನ್ನೊಂದು ವರ್ಷಗಳ ಹಿಂದೆ. ಆ ಸಲ ಸಂಜೆ ಯಾರೋ ಒಬ್ಬ ಬಂದು, ಕೇಳದೆ ಅವಳ ಬೆಂಕಿಯ ಪಕ್ಕ ಕೂತು, ಕೇಳದೆ ಅವಳ ಕಾಫಿ ಕುಡಿದು, "ಒಬ್ಬಳೇನಾ?" ಎಂದು ಮೂರು ಸಲ ಕೇಳಿದ. ಮತ್ತೇನೂ ಮಾಡಲಿಲ್ಲ. ಥ್ಯಾಂಕ್ಸ್ ಹೇಳಿ ಎದ್ದು ಹೋದ. ಆದರೆ ಆರ್ಡಿಸ್ ಬೆಳಗಾಗುವವರೆಗೆ ಮರಕ್ಕೆ ಬೆನ್ನು ಕೊಟ್ಟು, ತೊಡೆಯ ಮೇಲೆ ರೈಫಲ್ ಇಟ್ಟುಕೊಂಡು ಕೂತಿದ್ದಳು. ಅವನು ಕೆಟ್ಟವನೋ, ಅಥವಾ ಮಾತು ಬಾರದ ಬಡಪಾಯಿಯೋ, ಇವತ್ತಿಗೂ ಅವಳಿಗೆ ಗೊತ್ತಿಲ್ಲ. ಕೆಟ್ಟವನು ಎಂದು ಖಾತ್ರಿಯಾಗಿದ್ದರೆ ಎಷ್ಟೋ ವಾಸಿಯಿತ್ತು.

ಊರಿಗೆ ಬಂದು ಇದನ್ನು ಹೇಳಿದ್ದು ಮಾರ್ಲಿಸ್‌ಗೆ. ಮಾರ್ಲಿಸ್ ಶಾಲೆಯ ದಿನಗಳ ಗೆಳತಿ. ಮೊಳೆಯಿಂದ ಮೊಟ್ಟೆಯವರೆಗೆ ಎಲ್ಲ ಮಾರುವ ಅಂಗಡಿಯವಳು. ಯಾರೋ ಆರ್ಡರ್ ಕೊಟ್ಟು ಬಾರದೇ ಹೋದ ಒಂದು ಜೊತೆ ದೈತ್ಯ ಬೂಟುಗಳನ್ನು ಅವಳು ಅಟ್ಟದಿಂದ ಇಳಿಸಿದಳು.

"ತಗೊಂಡು ಹೋಗೇ. ಟೆಂಟಿನ ಬಾಗಿಲಲ್ಲಿ ಇಡು. ನೋಡಿದೋರು ಒಳಗೆ ಯಾವನೋ ದಾಂಡಿಗ ಮಲಗಿದಾನೆ ಅಂದ್ಕೋತಾರೆ."

"ದಾಂಡಿಗನ ಹೆಸರು?"

"ಡೇಲ್."

"ಅದ್ಯಾಕೆ ಡೇಲ್?"

"ಕೂಗೋಕೆ ಸುಲಭ. ಹೆದರಿದಾಗ ಉದ್ದ ಹೆಸರು ಬಾಯಿಗೆ ಬರಲ್ಲ ಕಣೇ."

ಬೂಟಿನ ಮೂತಿ ಟೆಂಟಿನ ಕಡೆಗಿದ್ದರೆ ಗಂಡ ಒಳಗಿದ್ದಾನೆ, ಹೊರಗಡೆಗಿದ್ದರೆ ಈಗ ಬರುತ್ತಾನೆ ಎಂದು ಲೆಕ್ಕ. ಇದರ ಜೊತೆಗೆ ಇನ್ನೂ ಕೆಲವು ನಿಯಮಗಳು. ಎಲ್ಲಿಗೆ ಹೋಗುತ್ತೇನೆ, ಯಾವತ್ತು ಬರುತ್ತೇನೆ ಎಂದು ಚೀಟಿ ಬರೆದು ಮಾರ್ಲಿಸ್ ಕೈಗೆ ಕೊಡಬೇಕು. ಅಪರಿಚಿತ ಎದುರಾದರೆ ನಡುವೆ ಬೆಂಕಿಯೋ ಬೊಡ್ಡೆಯೋ ಇರಬೇಕು. ಬೆಂಕಿಯ ಹತ್ತಿರ ಎರಡು ಲೋಟ. ಆರ್ಡಿಸ್ ಊರಿನಲ್ಲಿ 'ನಾನು', ಕಾಡಿನಲ್ಲಿ 'ನಾವು'. ಹೀಗೆ ಹನ್ನೊಂದು ವರ್ಷ ಈ ಬೂಟಾಟಿಕೆ ಸಾಂಗವಾಗಿ ನಡೆಯಿತು.

ಆ ವರ್ಷ ಅವಳು ಟೆಂಟು ಹೊಡೆದ ಮೊದಲ ರಾತ್ರಿಯೇ ಒಂದು ಗೇಣು ಹಿಮ ಬಿತ್ತು. ಮಾರನೆಯ ದಿನ ಮಧ್ಯಾಹ್ನದವರೆಗೆ ಸುತ್ತಿ, ಎಲ್ಕ್ ಇರಲಿ, ಎಲ್ಕಿನ ಹಿಕ್ಕೆ ಕೂಡ ಕಾಣದೆ ಮೂರು ಗಂಟೆಗೆ ವಾಪಸು ಬಂದರೆ, ಟೆಂಟಿನ ಮುಂದೆ ಒಬ್ಬ ಮುದುಕ ನಿಂತಿದ್ದ. ಎಪ್ಪತ್ತರ ಆಸುಪಾಸು, ಕಿತ್ತಳೆ ಬಣ್ಣದ ಬೇಟೆ ಅಂಗಿ, ಹೆಗಲಿಗೆ ರೈಫಲ್. ಡೇಲನ ಬೂಟುಗಳನ್ನೇ ನೋಡುತ್ತಿದ್ದ.

ಆರ್ಡಿಸ್ ಕೂಡ ನೋಡಿದಳು. ಬೂಟುಗಳ ಒಳಗೆ ಕಂಠಮಟ್ಟ ಹಿಮ ತುಂಬಿತ್ತು. ಸುತ್ತಮುತ್ತ ಇದ್ದದ್ದು ಅವಳ ಎಂಟನೇ ನಂಬರಿನ ಹೆಜ್ಜೆಗಳು, ಆ ಮುದುಕನ ಹೆಜ್ಜೆಗಳು, ಒಂದು ಅಳಿಲಿನ ಹೆಜ್ಜೆಗಳು. ಹೆಜ್ಜೆ ಓದುವುದೇ ಬೇಟೆಗಾರನ ಅಕ್ಷರಾಭ್ಯಾಸ. ಮುದುಕ ಓದು ಬಲ್ಲವನೋ ಅಲ್ಲವೋ?

"ನಮಸ್ಕಾರ. ವೆಂಡೆಲ್ ಅಂತ," ಎಂದ ಮುದುಕ. "ಯಜಮಾನ್ರು ಇಲ್ವಾ?"

"ನಾವು ಈಗ ತಾನೇ ಬಂದ್ವಿ," ಎಂದಳು ಆರ್ಡಿಸ್, ಬೊಡ್ಡೆಯೊಂದರ ಆಚೆ ನಿಂತು. "ಅಂದ್ರೆ ನಾನು ಬಂದೆ. ಅವರು ಮೇಲೆ ಗುಡ್ಡದ ಕಡೆ ಇದಾರೆ. ಬರ್ತಾರೆ."

ವೆಂಡೆಲ್ ಬೂಟು ನೋಡಿದ, ಗುಡ್ಡ ನೋಡಿದ. "ಬರಿಗಾಲಲ್ಲಾ?"

"ಎರಡು ಜೊತೆ ಇವೆ."

"ಹಾಗೆ. ಎಷ್ಟು ಹೊತ್ತಿಗೆ ಬರಬಹುದು?"

"ಇನ್ನೇನು, ಬಂದ್ರು."

"ನಾನೂ ಒಬ್ಬನೇ ಅಲ್ಲ," ಎಂದ ವೆಂಡೆಲ್, ಯಾರೂ ಕೇಳದಿದ್ದರೂ. "ಇಬ್ಬರು ಅಳಿಯಂದಿರು ಬಂದಿದಾರೆ. ಹಳ್ಳದ ತಿರುವಿನ ಕೆಳಗಡೆ. ಇಬ್ಬರೂ ದಪ್ಪ ಆಳುಗಳು. ಎಷ್ಟು ಹೊತ್ತಿಗೆ ಬರಬಹುದು ಅಂದ್ರಿ, ಯಜಮಾನ್ರು?"

ಎರಡನೇ ಸಲ. ಆರ್ಡಿಸ್‌ಗೆ ಹನ್ನೊಂದು ವರ್ಷದ ಹಿಂದಿನ ಸಂಜೆ ಬೆನ್ನ ಮೇಲೆ ತಣ್ಣಗೆ ಇಳಿಯಿತು. ಮುದುಕ ಬಂದ ದಾರಿಯಲ್ಲಿ ಒಂದೇ ಸಾಲು ಹೆಜ್ಜೆ ಇರುವುದನ್ನು ಅವಳು ಆಗಲೇ ನೋಡಿದ್ದಳು. ಅಳಿಯಂದಿರು ದಪ್ಪಗಿರಬಹುದು, ಅವರ ಹೆಜ್ಜೆ ಮಾತ್ರ ಬಹಳ ತೆಳ್ಳಗಿತ್ತು.

"ಬರ್ತಾರೆ," ಎಂದಳು. ಕಾಫಿ ಬೇಕಾ ಎಂದು ಕೇಳಲಿಲ್ಲ. ಕೇಳದೇ ಇದ್ದದ್ದು ಒಳ್ಳೆಯದಾಯಿತೋ ಕೆಟ್ಟದಾಯಿತೋ ಎಂಬ ಪ್ರಶ್ನೆ ಆಮೇಲೆ ಬಹಳ ದಿನ ಅವಳ ಜೊತೆಗಿತ್ತು.

ಮುದುಕ ಇನ್ನೂ ಒಂದು ಸಲ ಗುಡ್ಡದ ಕಡೆ ನೋಡಿ, "ಯಜಮಾನ್ರು ಬಂದ್ರೆ ಕೇಳಿದೆ ಅನ್ನಿ," ಎಂದು ಹೇಳಿ, ಒಂದು ಕಾಲು ಎಳೆಯುತ್ತ ತಿರುವಿನ ಕಡೆ ಹೋದ. ಬೆನ್ನು ಮರೆಯಾಗುವ ತನಕ ಆರ್ಡಿಸ್ ಬೊಡ್ಡೆಯ ಹಿಂದೆಯೇ ಇದ್ದಳು. ಸುಳ್ಳು ಹೇಳಿದವನು ಅವನು. ಸುಳ್ಳು ಹೇಳಿದವಳು ತಾನೂ. ತನ್ನ ಸುಳ್ಳಿಗೆ ಕಾರಣ ಭಯ. ಅವನದಕ್ಕೆ?

ಬೆಳಕು ಹರಿಯುತ್ತಲೇ ಅವಳು ಒಂದು ತೀರ್ಮಾನಕ್ಕೆ ಬಂದಳು: ಡೇಲ್ ನಡೆಯಬೇಕು. ಮೂರು ಜೊತೆ ಕಾಲುಚೀಲ ತುರುಕಿ ಹದಿಮೂರನೇ ನಂಬರಿನೊಳಗೆ ಕಾಲಿಟ್ಟಳು. ತನ್ನ ಬೂಟುಗಳನ್ನು ಕೊರಳಿಗೆ ಕಟ್ಟಿಕೊಂಡಳು. ಗಂಡಸಿನಷ್ಟು ಅಗಲ ಹೆಜ್ಜೆ ಹಾಕುತ್ತ, ಗಂಡಸಿನಷ್ಟು ಭಾರಕ್ಕಾಗಿ ಕಾಲು ಒತ್ತುತ್ತ, ಟೆಂಟಿನಿಂದ ನೇರ ಗುಡ್ಡಕ್ಕೆ ಹೊರಟಳು. ಸಪ್ತಪದಿಗೆ ಏಳು ಹೆಜ್ಜೆ ಸಾಕು. ಆರ್ಡಿಸ್ ಏಳುನೂರು ಇಟ್ಟಳು. ಮೇಲೆ, ಗಾಳಿ ಹಿಮವನ್ನೆಲ್ಲ ಗುಡಿಸಿಹಾಕಿದ್ದ ಬೋಳು ಬಂಡೆಯ ಮೇಲೆ ಬೂಟು ಬದಲಿಸಿ, ಡೇಲನನ್ನು ಬೆನ್ನಚೀಲಕ್ಕೆ ತುಂಬಿಕೊಂಡು, ಬಂಡೆಯ ಉದ್ದಕ್ಕೂ ನಡೆದು ಆಚೆ ಪಕ್ಕದಿಂದ ಇಳಿದಳು. ಹಳ್ಳ ದಾಟಿ ತನ್ನ ಮಾಮೂಲು ಕಾವಲಿನ ಜಾಗದಲ್ಲಿ ಹೋಗಿ ಕೂತಳು. ಈಗ ಯಾರು ಬೇಕಾದರೂ ಓದಿಕೊಳ್ಳಲಿ: ಇಲ್ಲೊಬ್ಬ ಗಂಡಸು ಇದ್ದಾನೆ, ಬೆಳಿಗ್ಗೆಯೇ ಎದ್ದು ಬೇಟೆಗೆ ಹೋಗಿದ್ದಾನೆ.

ಹನ್ನೊಂದು ಗಂಟೆಗೆ ದುರ್ಬೀನಿನಲ್ಲಿ ಒಂದು ಕಿತ್ತಳೆ ಚುಕ್ಕಿ ಕಂಡಿತು. ಯಾರೋ ಓದುತ್ತಿದ್ದರು. ಹೆಜ್ಜೆಯ ಮೇಲೆ ಹೆಜ್ಜೆ, ಅಕ್ಷರ ಬಿಡದೆ.

ಆರ್ಡಿಸ್‌ಗೆ ತಲೆ ಗಿರ್ರೆಂದಿತು. ಗಂಡ ಇಲ್ಲ ಎಂದು ಖಾತ್ರಿ ಮಾಡಿಕೊಳ್ಳುವವನು ಖಾಲಿ ಟೆಂಟಿಗೆ ಬರಬೇಕು. ಗಂಡನ ಹಿಂದೆ ಯಾಕೆ ಹೋಗುತ್ತಾನೆ? ಗಂಡ ಇದ್ದಾನೆ ಎಂದು ನಂಬಿದವನಿಗೆ ಅವನ ಹತ್ತಿರ ಏನು ಕೆಲಸ? ಅಷ್ಟರಲ್ಲಿ ಬಲಗಡೆಯ ಪೊದೆಯಿಂದ ದೊಡ್ಡ ಕೋಡಿನ ಗಂಡು ಎಲ್ಕ್ ಒಂದು, ನೂರು ಹೆಜ್ಜೆ ದೂರದಲ್ಲಿ, ಆರಾಮವಾಗಿ ಹೊರಬಂದು ನಿಂತಿತು. ಇಡೀ ವರ್ಷದ ಊಟ. ಆರ್ಡಿಸ್ ಅದನ್ನು ಒಮ್ಮೆ ನೋಡಿ ಮತ್ತೆ ಚುಕ್ಕಿಯನ್ನು ನೋಡಿದಳು. ತಿರುಗಿ ನೋಡುವಷ್ಟರಲ್ಲಿ ಎಲ್ಕ್ ಹೊರಟುಹೋಗಿತ್ತು.

ಚುಕ್ಕಿ ಬಂಡೆ ಮುಟ್ಟಿತು. ಅತ್ತ ಹೋಯಿತು, ಇತ್ತ ಬಂದಿತು, ಒಂದು ಸುತ್ತು ತಿರುಗಿತು. ಇದ್ದಕ್ಕಿದ್ದಂತೆ ಕುಸಿದು ಕೂತಿತು. ಅರ್ಧ ಗಂಟೆಯಾದರೂ ಏಳಲಿಲ್ಲ. ಪಶ್ಚಿಮದಲ್ಲಿ ಮೋಡ ಬೂದು ಕಂಬಳಿಯಂತೆ ಹರಡುತ್ತಿತ್ತು. ಹಿಮ ತಳ್ಳುವ ಕೆಲಸದವಳಿಗೆ ಆ ಮೋಡದ ಅರ್ಥ ಬೇರೆ ಯಾರೂ ಹೇಳಬೇಕಿರಲಿಲ್ಲ.

ಆಗ ಗುಂಡಿನ ಸದ್ದು. ಒಂದು. ಎರಡು. ಮೂರು. ಮೂರೂ ಸಮನಾದ ಅಂತರದಲ್ಲಿ. ಕಾಡಿನಲ್ಲಿ ಅದಕ್ಕೆ ಒಂದೇ ಅರ್ಥ: ಸಹಾಯ ಬೇಕು.

ಆರ್ಡಿಸ್ ಕಾದಳು, ಅಳಿಯಂದಿರು ಬರಲಿ ಎಂದು. ಅವರು ಉತ್ತರವಾಗಿ ಗುಂಡು ಹಾರಿಸಲಿ, ಕೂಗಲಿ, ಕೆಮ್ಮಲಿ. ಯಾರೂ ಇಲ್ಲ. "ಎಲ್ಲಿ ಸತ್ರೋ ಇವರು," ಎಂದು ಗೊಣಗಿಕೊಂಡಳು. ಆಮೇಲೆ ಹೊಳೆಯಿತು: ಆ ಮುದುಕನೂ ಅಲ್ಲಿ ಕೂತು ಇದನ್ನೇ ಅಂದುಕೊಳ್ಳುತ್ತಿರಬೇಕು, ಡೇಲ್ ಎಲ್ಲಿ ಸತ್ತ ಎಂದು. ತಾನು ಹೋಗದಿದ್ದರೆ ಅವನನ್ನು ಕಾಯಲು ಇರುವವರು ಮೂವರು, ಮೂವರೂ ಹುಟ್ಟದವರು. ಹೋದರೆ ತಾನು ಒಬ್ಬಳೇ ಎಂಬುದು ಬಯಲು. ಇದು ಬಲೆಯೂ ಇರಬಹುದು. ಇಲ್ಲದೆಯೂ ಇರಬಹುದು. ಹಿಮ ಬೀಳಲು ಶುರುವಾಯಿತು. ಅವಳು ಎದ್ದಳು.

ಮೂವತ್ತು ಹೆಜ್ಜೆ ದೂರದಿಂದ, ಮರದ ಮರೆಯಿಂದ ಕೂಗಿದಳು: "ಬಂದೂಕಿನ ಬೋಲ್ಟ್ ಕಳಚಿ ಈ ಕಡೆ ಎಸೀರಿ!"

ಬೋಲ್ಟ್ ಇಲ್ಲದ ರೈಫಲ್ ಊರುಗೋಲಿಗಷ್ಟೇ ಲಾಯಕ್ಕು. ವೆಂಡೆಲ್ ತಕರಾರಿಲ್ಲದೆ ಕಳಚಿ ಎಸೆದ. ಅವಳು ಅದನ್ನು ಜೇಬಿಗೆ ಹಾಕಿಕೊಂಡು ಹತ್ತಿರ ಬಂದಳು. ಮುದುಕನ ತುಟಿ ನೀಲಿಗಟ್ಟಿತ್ತು. ಬಲಗಾಲಿನ ಬೂಟು ಪಕ್ಕದಲ್ಲಿತ್ತು. ಪಾದ ಉಳುಕಿ ಕುಂಬಳಕಾಯಿಯಂತೆ ಊದಿತ್ತು.

"ಅಮ್ಮಾ," ಎಂದ ವೆಂಡೆಲ್, ನಡುಗುತ್ತ, "ಹೇಗೆ ಹೇಳಲಿ ಗೊತ್ತಾಗ್ತಿಲ್ಲ. ನಿಮ್ಮ ಯಜಮಾನ್ರು ಇಲ್ಲೀವರೆಗೆ ನಡೆದು ಬಂದಿದಾರೆ. ಇಲ್ಲಿಂದ ಮುಂದೆ ಹೆಜ್ಜೇನೇ ಇಲ್ಲ. ಗಂಟಲು ಹರಿಯುವಷ್ಟು ಕೂಗಿದೆ. ಮೇಲಕ್ಕೆ ಹೋಗಿಬಿಟ್ರು ಅನ್ಸುತ್ತೆ."

ಆರ್ಡಿಸ್‌ಗೆ ನಗು ಬಂದಿತೋ ಅಳು ಬಂದಿತೋ, ಬಂದದ್ದನ್ನು ನುಂಗಿಕೊಂಡಳು. "ಅವರ ಹತ್ರ ನಿಮಗೇನು ಕೆಲಸ?"

"ದಾರಿ ತಪ್ಪಿದೀನಿ. ನನ್ನ ಗಾಡಿ ಆ ಗುಡ್ಡದ ಆಚೆ ಎಲ್ಲೋ ಇದೆ. ರಾತ್ರಿ ತಿರುವಿನ ಹತ್ರ ಮರದ ಕೆಳಗೆ ಕೂತಿದ್ದೆ."

"ನಿನ್ನೇನೇ ಬಾಯಿಬಿಟ್ಟು ಹೇಳೋಕೆ ಏನಾಗಿತ್ತು?"

"ಯಜಮಾನ್ರು ಇಲ್ಲದ ಹೊತ್ತಲ್ಲಿ ಹೆಂಗಸಿನ ಮುಂದೆ ನಿಂತು, ದಾರಿ ತಪ್ಪಿದೀನಿ, ಒಳಗೆ ಬಿಡಿ ಅಂದಿದ್ರೆ ನೀವು ನಂಬ್ತಿದ್ರಾ?"

"ಇಲ್ಲ."

"ಅದಕ್ಕೇ ಯಜಮಾನ್ರನ್ನ ಕೇಳಿದ್ದು. ಅಲ್ದೆ ನೀವು ಬಂದ ರೀತಿ, ಹೆಗಲಲ್ಲೊಂದು ಬಂದೂಕು, ಕಣ್ಣಲ್ಲೊಂದು ಬಂದೂಕು. ನನಗೂ ಭಯ ಆಯ್ತು."

"ಅಳಿಯಂದಿರು?"

ವೆಂಡೆಲ್ ಊದಿದ ಕಾಲು ನೋಡಿಕೊಂಡ. "ಒಬ್ಬ ಡುಲೂತ್‌ನಲ್ಲಿ ಇನ್ಶೂರೆನ್ಸ್ ಮಾರ್ತಾನೆ. ಪಟಾಕಿ ಸದ್ದಿಗೂ ಕಿವಿ ಮುಚ್ಕೋತಾನೆ. ಇನ್ನೊಬ್ಬ... ಚಿಕ್ಕ ಮಗಳಿಗೆ ಇನ್ನೂ ಮದುವೆ ಆಗಿಲ್ಲ. ಕಾಡಲ್ಲಿ ಯಾರ ಹತ್ರಾನೂ ಒಬ್ಬನೇ ಅಂತ ಹೇಳ್ಬೇಡ ಅಪ್ಪಾ ಅಂತ ಅವಳೇ ಹೇಳಿಕೊಟ್ಟಿದ್ದು."

ಅವನ ಬೂಟು ಇನ್ನು ಆ ಕಾಲಿಗೆ ಹತ್ತುವಂತಿರಲಿಲ್ಲ. ಕೆಳಗೆ ಅವಳ ಟ್ರಕ್ಕಿನವರೆಗೆ ಮೂರು ಮೈಲಿ, ಬರಿಗಾಲಲ್ಲಿ ಹಿಮದಲ್ಲಿ ಇಳಿದರೆ ಬೆರಳುಗಳು ಉಳಿಯುವುದಿಲ್ಲ. ಹನ್ನೊಂದು ವರ್ಷದ ಸಂಸಾರ. ಆರ್ಡಿಸ್ ಬೆನ್ನಚೀಲ ಬಿಚ್ಚಿ ಹದಿಮೂರನೇ ನಂಬರಿನ ಬಲಗಾಲಿನ ಬೂಟು ತೆಗೆದಿಟ್ಟಳು.

ವೆಂಡೆಲ್ ಬೂಟಿನ ಅಡಿ ನೋಡಿದ. ಹಿಮದ ಮೇಲಿನ ಅಚ್ಚು ನೋಡಿದ. ಅವಳ ಮುಖ ನೋಡಿದ.

"ಇವರೇನಾ?"

"ಇವರೇ."

"ಬಹಳ ಸಂತೋಷ," ಎಂದ ವೆಂಡೆಲ್ ಬೂಟಿಗೆ, ಟೋಪಿ ತೆಗೆದು. ಊದಿದ ಪಾದ ಡೇಲನೊಳಗೆ ಸಲೀಸಾಗಿ ಇಳಿಯಿತು.

ಖಾಲಿ ರೈಫಲನ್ನು ಊರುಗೋಲಾಗಿಸಿ, ಇನ್ನೊಂದು ಕೈಯನ್ನು ಅವಳ ಹೆಗಲಿಗೆ ಕೊಟ್ಟು, ಅವನು ಕುಂಟುತ್ತ ಇಳಿದ. ಕುಂಟ ಕುದುರೆ ಹಳ್ಳಕ್ಕೆ ಹೆಸರು ಸುಮ್ಮನೆ ಬಂದಿರಲಿಕ್ಕಿಲ್ಲ. ಅವಳ ಟ್ರಕ್ಕು ಕಾಣುವವರೆಗೂ ಬೋಲ್ಟ್ ಅವಳ ಜೇಬಿನಲ್ಲೇ ಇತ್ತು. ಅವನು ಕೇಳಲಿಲ್ಲ, ಅವಳು ಕೊಡಲಿಲ್ಲ. ನಡುವೆ ಒಮ್ಮೆ ಹಿಂತಿರುಗಿ ನೋಡಿದರೆ ಹಿಮದಲ್ಲಿ ಅವಳ ಎಂಟನೇ ನಂಬರು, ಅವನ ಎಡಗಾಲಿನ ಹತ್ತನೇ ನಂಬರು, ಡೇಲನ ಬಲಗಾಲು. ಹಿಂದೆ ಯಾರಾದರೂ ಬಂದರೆ ಮೂವರು ಹೋಗಿದ್ದಾರೆ, ಇಬ್ಬರಿಗೆ ಒಂದೊಂದೇ ಕಾಲು ಎಂದು ಓದಬೇಕು. ಪಾಪ, ಅವರಿಗೂ ತಲೆ ಕೆಡಲಿ.

ಡಿಸೆಂಬರ್‌ನಲ್ಲಿ ಡುಲೂತ್‌ನಿಂದ, ವೆಂಡೆಲ್ ಮಗಳ ಮನೆಯಿಂದ, ಒಂದು ಪಾರ್ಸೆಲ್ ಮಾರ್ಲಿಸ್ ಅಂಗಡಿಗೆ ಬಂತು. ಒಳಗೆ ಬಲಗಾಲಿನ ಬೂಟು, ಹೊಸ ಲೇಸು ಹಾಕಿದ್ದು. ಕಾಲಿನ ಊತ ಇಳಿಯುವ ತನಕ ಅದನ್ನೇ ಹಾಕಿಕೊಂಡು ಓಡಾಡಿದನೆಂದು ಕಾಣುತ್ತದೆ. ಹಿಮ್ಮಡಿ ಒಂದು ಪಕ್ಕ ಚೆನ್ನಾಗಿ ಸವೆದಿತ್ತು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಅದು ಯಾರೋ ಒಬ್ಬ ಮನುಷ್ಯನ ಬೂಟಿನಂತೆ ಕಂಡಿತು.

"ಹೇಗಿದಾನೆ ನಿನ್ನ ಗಂಡ?" ಎಂದಳು ಮಾರ್ಲಿಸ್.

"ಬಲಗಾಲು ಸ್ವಲ್ಪ ವಾಸಿ," ಎಂದಳು ಆರ್ಡಿಸ್.

"ಅಲ್ಲ ಕಣೇ, ಅವನು ನಿನ್ನ ಕಾಪಾಡಿದ್ನೋ, ಆ ಮುದುಕನ್ನ ಕೊಲ್ತಿದ್ನೋ?"

ಆರ್ಡಿಸ್ ಬೂಟನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಎರಡೂ ಅನ್ಸುತ್ತೆ. ಹೊರಗಡೆ ಓಡಾಡೋ ಗಂಡಸು, ನಂಗೆ ಹೇಗೆ ಗೊತ್ತಾಗ್ಬೇಕು?"

ಮುಂದಿನ ನವೆಂಬರ್‌ನಲ್ಲಿ ಚೀಟಿ ಬರೆದುಕೊಟ್ಟು, ಅದೇ ಹಳ್ಳದ ಮೇಲೆ ಟೆಂಟು ಹೊಡೆದು, ಬೂಟುಗಳನ್ನು ಬಾಗಿಲಿಗೆ ತಂದಳು. ಮೂತಿ ಒಳಗೆ ಇಟ್ಟಳು. ಕಾಡಿನಲ್ಲಿ ಸಹಾಯ ಬೇಕಾದವರು ಡೇಲ್ ಮಲಗಿದ್ದಾನೆಂದು ಹಿಂದೆ ಸರಿದರೆ? ಹೊರಗೆ ತಿರುಗಿಸಿದಳು. ಸಹಾಯ ಬೇಡದವರು ಡೇಲ್ ಇಲ್ಲವೆಂದು ಮುಂದೆ ಬಂದರೆ? ಹಾಗೂ ಹೀಗೂ ನಾಲ್ಕು ಸಲ ತಿರುಗಿಸಿ, ಕೊನೆಗೆ ಎಡಗಾಲನ್ನು ಒಳಗಡೆಗೂ ಸವೆದ ಬಲಗಾಲನ್ನು ಹೊರಗಡೆಗೂ ಇಟ್ಟಳು. ಬಂದವರಿಗೆಂದು ಮೂರನೆಯದೊಂದು ಲೋಟವನ್ನು ಬೆಂಕಿಯ ಹತ್ತಿರ ಇಟ್ಟು, ಬೊಡ್ಡೆಯ ಆಚೆ ಹೋಗಿ ಕೂತಳು.