ಎರಡನೇ ಪಂಕ್ತಿಯ ಸರೋಜ

ಕೊಪ್ಪದ ಮೇನ್ ರೋಡಿನಲ್ಲಿ, ಹೊಸ ಕಾಂಪ್ಲೆಕ್ಸಿನ ಮೇಲಿನ ಮಹಡಿಯಲ್ಲಿ, ಗಾಜಿನ ಬಾಗಿಲಿನ ದೊಡ್ಡ ರೆಸ್ಟೋರೆಂಟ್ ಒಂದಿದೆ. ಅದರ ಹೆಸರು ನಾನು ಬರೆಯುವುದಿಲ್ಲ. ಪುಕ್ಕಟೆ ಪ್ರಚಾರ ಯಾಕೆ ಕೊಡಬೇಕು? ಒಳಗೆ ಕಾಲಿಟ್ಟರೆ ಎ.ಸಿ.ಯ ಚಳಿ, ಮಂದ ದೀಪ, ಟೇಬಲ್ಲಿಗೆಲ್ಲ ಬಿಳಿ ಬಟ್ಟೆ. ನಮ್ಮ ಮನೆಗಳಲ್ಲಿ ಬೆಳಗಾದರೆ ಬೇಯುವ ಕಡುಬನ್ನೇ ಕರಿ ಕಲ್ಲಿನ ತಟ್ಟೆಯಲ್ಲಿ ಎರಡೇ ಎರಡು ಇಟ್ಟು, ತಲೆಗೊಂದು ಸೊಪ್ಪು ಸಿಕ್ಕಿಸಿ ತಂದುಕೊಡುತ್ತಾರೆ. ಶೃಂಗೇರಿ, ನರಸಿಂಹರಾಜಪುರದ ಕಡೆಯ ಅನುಕೂಲಸ್ಥರೂ ಭಾನುವಾರ ಬಂತೆಂದರೆ ಕಾರು ಮಾಡಿಕೊಂಡು ಅಲ್ಲಿಗೇ ಬರುವುದು. ತಿನ್ನಲಿ, ನನಗೇನು. ನನ್ನ ಸಿಟ್ಟು ಕಡುಬಿನ ಮೇಲಲ್ಲ. ನನ್ನ ಗೆಳತಿ ಸರೋಜಳಿಗೆ ಅಲ್ಲಿ ಆದದ್ದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ, ಅದಕ್ಕೇ ಹೇಳುತ್ತಿದ್ದೇನೆ.

ಸರೋಜ ಯಾರು ಅನ್ನುವುದು ಮೊದಲು ಗೊತ್ತಾಗಬೇಕು. ಕಮ್ಮರಡಿಯ ಶಾಲೆಯಲ್ಲಿ ನಾವಿಬ್ಬರೂ ಒಂದೇ ಬೆಂಚಿನವರು. ಹದಿನೆಂಟು ತುಂಬುತ್ತಿದ್ದ ಹಾಗೆ ಅವಳನ್ನು ಬಸರೀಕಟ್ಟೆಗೆ ಮದುವೆ ಮಾಡಿ ಕೊಟ್ಟರು. ವರ್ಷ ತುಂಬುವ ಮೊದಲೇ ಗಂಡ ಜೀಪು ಮಗುಚಿ ತೀರಿಕೊಂಡ. ತವರಿಗೆ ವಾಪಸು ಬಂದಳು. ಬಂದ ದಿನ ಅವಳ ಅಮ್ಮ ಅವಳ ಕೈಗೆ ಕೊಟ್ಟದ್ದು ಅಡುಗೆಮನೆಯ ಸೌಟು. ಅಮ್ಮ ಹೋದಳು, ಅಪ್ಪ ಹೋದ, ತಮ್ಮ ಗಣಪತಿಗೆ ಮದುವೆಯಾಯಿತು, ಅವನ ಹೆಂಡತಿ ಚಿಕ್ಕ ಮಗು ನವೀನನನ್ನು ಬಿಟ್ಟು ತೀರಿಕೊಂಡಳು. ಸೌಟು ಮಾತ್ರ ಸರೋಜಳ ಕೈ ಬಿಡಲಿಲ್ಲ. ನವೀನನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದಳು. ಅವನೀಗ ಕೊಪ್ಪದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದಾನೆ. ಅವನ ಹೆಂಡತಿ ಚೈತ್ರ, ಮಗಳು ಗಗನಾ, ಇವರಿಗೂ ಈಗ ಸರೋಜಳದೇ ಅಡುಗೆ.

ನಮ್ಮ ಕಡೆ ಊಟದ ಕ್ರಮ ಒಂದಿದೆ. ಮೊದಲ ಪಂಕ್ತಿಗೆ ಗಂಡಸರು, ಮಕ್ಕಳು, ಬಂದ ನೆಂಟರು. ಬೇಯಿಸಿದವರು, ಬಡಿಸಿದವರು, ಮನೆಯ ಹೆಂಗಸರು ಎರಡನೇ ಪಂಕ್ತಿಗೆ. ಆ ಹೊತ್ತಿಗೆ ಪಲ್ಯದ ಪಾತ್ರೆಯಲ್ಲಿ ಒಗ್ಗರಣೆಯ ಸಾಸಿವೆ ಮಾತ್ರ ಉಳಿದಿರುತ್ತದೆ. ಪಾಯಸದಲ್ಲಿ ದ್ರಾಕ್ಷಿ ಹುಡುಕಬೇಕು. ನಾಮಕರಣವಾಗಲಿ, ಗೃಹಪ್ರವೇಶವಾಗಲಿ, ಊರಿನವರೆಲ್ಲ ಸರೋಜಳನ್ನೇ ಕರೆಯುವುದು. ಅವಳೂ ಸೆರಗು ಸೊಂಟಕ್ಕೆ ಸಿಕ್ಕಿಸಿ ಎಲೆಯಿಂದ ಎಲೆಗೆ ಓಡುವುದು. ಮನೆಯಲ್ಲೂ ಅಷ್ಟೇ. ಗಣಪತಿಯ ಊಟವಾಗದೆ ಅವಳು ಕೂತದ್ದನ್ನು ನಾನು ಕಂಡಿಲ್ಲ. ನಾನು ಬೈದರೆ, "ಯಾರಾದ್ರೂ ಬಡ್ಸ್ಬೇಕಲ್ಲ ಮಾರಾಯ್ತಿ" ಎಂದು ನಗುತ್ತಿದ್ದಳು. ಆ ನಗು ನೋಡಿದರೆ ನನಗೆ ಇನ್ನಷ್ಟು ರೇಗುತ್ತಿತ್ತು.

ಅವಳಿಗೆ ಅರವತ್ತು ತುಂಬಿತು. ನವೀನ ಒಳ್ಳೆಯ ಹುಡುಗ, ಅವನನ್ನು ಸುಳ್ಳೇ ಬೈಯಲಾರೆ. "ಅತ್ತೆ, ಈ ಸಲ ನಿಂಗೆ ಅಡುಗೆ ಕೆಲಸ ಇಲ್ಲ. ನಿನ್ ಹೆಸ್ರಲ್ಲಿ ಟೇಬಲ್ ಬುಕ್ ಮಾಡಿದೀನಿ" ಎಂದು ಆ ಗಾಜಿನ ಬಾಗಿಲಿನ ಜಾಗದಲ್ಲಿ ಮಧ್ಯಾಹ್ನದ ಊಟ ಇಟ್ಟುಕೊಂಡ. ಸರೋಜ ಆ ವಾರವೇ ಬಟ್ಟೆ ಹಿಡಿದುಕೊಂಡು ನನ್ನ ಟೈಲರಿಂಗ್ ಅಂಗಡಿಗೆ ಬಂದಳು.

"ಹೊಸ ರವಿಕೆ ಹೊಲ್ಕೊಡೇ ಸುಮಿತ್ರ. ನೀನೂ ಬರ್ಬೇಕು, ನಾನು ಹೇಳಿದೀನಿ ನವೀನಂಗೆ."

"ಎಂತದೇ ಇಷ್ಟು ಸಂಭ್ರಮ?"

ಅವಳು ಸ್ವಲ್ಪ ನಾಚಿಕೊಂಡಳು. "ಅಲ್ಲಿ ಬಡ್ಸೋರು ಬೇರೆಯವ್ರಂತೆ. ನಾವು ಸುಮ್ನೆ ಕೂತ್ಕಂಡ್ರೆ ಸಾಕಂತೆ. ಕೂತಲ್ಲಿಗೇ ಬಿಸಿಬಿಸಿ ಬರ್ತದಂತೆ. ಹೌದನೇ?"

ಹೌದು ಅಂದೆ. ಅವಳಿಗೆ ಬೇಕಾಗಿದ್ದುದು ಅಷ್ಟೇ. ಒಂದು ಊಟ. ಎಲ್ಲರ ಜೊತೆ ಕೂತು, ಬೇರೆಯವರ ಕೈಯಿಂದ ಬಡಿಸಿಕೊಂಡು, ಬಿಸಿ ಆರುವ ಮೊದಲು ಉಣ್ಣುವುದು. ಅರವತ್ತು ವರ್ಷದ ಹೆಂಗಸಿಗೆ ಇದು ದೊಡ್ಡ ಆಸೆಯೇ? ನೀವೇ ಹೇಳಿ.

ನವೀನ ಎಂಟು ಕುರ್ಚಿಯ ಟೇಬಲ್ ಹೇಳಿದ್ದ. ಗಣಪತಿ, ನವೀನ, ಚೈತ್ರ, ಮಗು, ಚೈತ್ರಳ ಅಪ್ಪ ಅಮ್ಮ, ಸರೋಜ, ನಾನು. ಲೆಕ್ಕ ಸರಿಯಾಗಿತ್ತು. ಮೆಟ್ಟಿಲು ಹತ್ತಿ ಒಳಗೆ ಹೋದರೆ ಗಣಪತಿ ತನ್ನ ಪಾಡಿಗೆ ನರಸಿಂಹರಾಜಪುರದ ಅಡಿಕೆ ವ್ಯಾಪಾರಿ ಮರುಳಸಿದ್ದಪ್ಪನವರನ್ನೂ ಅವರ ಹೆಂಡತಿಯನ್ನೂ ಊಟಕ್ಕೆ ಕರೆದುಬಿಟ್ಟಿದ್ದಾನೆ! ಅವರು ಆಗಲೇ ಬಂದು ಟೇಬಲ್ಲಿನ ತಲೆಭಾಗದಲ್ಲಿ ಕೂತಿದ್ದರು. ಅಕ್ಕನ ಅರವತ್ತರ ಊಟದಲ್ಲಿ ಇವನಿಗೆ ವ್ಯಾಪಾರದ ಸ್ನೇಹ ಬೆಳೆಸುವ ಆಸೆ. ಉಳಿದವರು ಒಬ್ಬೊಬ್ಬರಾಗಿ ಕೂತರು. ಎರಡು ಕುರ್ಚಿ ಕಡಿಮೆ ಬಿತ್ತು.

ವೇಟರ್ ಹುಷಾರಿನವನು. "ಹತ್ತು ನಿಮಿಷ ಇರಿ ಸರ್, ಪಕ್ಕದ ಟೇಬಲ್ ಖಾಲಿ ಆಗ್ತದೆ, ಸೇರಿಸಿ ಹಾಕ್ತೀವಿ" ಅಂದ.

ಗಣಪತಿ ಕೈ ಬೀಸಿದ. "ಅಷ್ಟೊತ್ತು ಇವ್ರನ್ನ ಕಾಯ್ಸದಾ? ಬೇಡ ಬೇಡ, ನೀವು ಶುರು ಮಾಡಿ. ಅಕ್ಕ ಎರಡನೇ ಪಂಕ್ತಿಗೆ ಕೂತ್ಕತಾಳೆ. ಅವ್ಳಿಗೆ ಅಭ್ಯಾಸ ಇದೆ."

ಹೋಟೆಲಿನಲ್ಲಿ ಎರಡನೇ ಪಂಕ್ತಿ! ಆ ವೇಟರ್ ಪಾಪ ಕಣ್ಣು ಕಣ್ಣು ಬಿಟ್ಟ. ನಾನು ಬಾಯಿ ತೆಗೆಯುವಷ್ಟರಲ್ಲಿ ಸರೋಜಳೇ ಹಿಂದೆ ಸರಿದಿದ್ದಳು. ಅಭ್ಯಾಸ ಅನ್ನುವುದು ಹಾಗೆ, ತಲೆಗೆ ಗೊತ್ತಾಗುವ ಮೊದಲೇ ಕಾಲು ಸರಿಯುತ್ತದೆ. "ಹೌದೌದು, ನಿಮ್ದಾಗ್ಲಿ, ನಂದೂ ಸುಮಿತ್ರಂದೂ ಆಮೇಲಾಯ್ತು" ಎಂದಳು. ನವೀನ ಎದ್ದ, "ಅತ್ತೆ, ನೀನು ಇಲ್ಲಿ ಕೂತ್ಕ" ಅಂದ. "ಕೂತ್ಕಳೋ ಸುಮ್ನೆ, ನೆಂಟ್ರ ಎದುರು ಎದ್ದು ನಿಲ್ತಾರನಾ" ಎಂದು ಗದರಿದಳು. ಅವನೂ ಕೂತ. ಒಳ್ಳೆಯ ಹುಡುಗರ ಹಣೆಬರಹವೇ ಇಷ್ಟು, ಒಂದು ಸಲ ಏಳುತ್ತಾರೆ, ಎರಡನೇ ಸಲ ಏಳುವುದಿಲ್ಲ.

ಬಾಗಿಲ ಬಳಿಯ ಸೋಫಾದಲ್ಲಿ ನಾವಿಬ್ಬರೂ ಕೂತೆವು. ಗಣಪತಿ ಬೇಡ ಅಂದಿದ್ದರಿಂದ, ಪಕ್ಕದ ಟೇಬಲ್ ಖಾಲಿಯಾದ ಕೂಡಲೇ ಬೇರೆಯವರು ಬಂದು ಕೂತುಬಿಟ್ಟರು. ಎದುರಿಗೇ ಊಟ ನಡೆದಿತ್ತು. ಸೂಪು ಬಂತು, ಕಳಲೆ ಪಲ್ಯ ಬಂತು, ಪತ್ರೊಡೆ ಬಂತು. ಗಣಪತಿ ಒಂದೊಂದಕ್ಕೂ "ಮನೇಲಿ ಮಾಡಿದ್ದು ಇದಕ್ಕಿಂತ ಚೆನ್ನಾಗಿರ್ತದೆ" ಎಂದು ಮರುಳಸಿದ್ದಪ್ಪನವರಿಗೆ ಹೇಳುವುದು, ಅವರು ತಲೆ ಆಡಿಸುವುದು. ಮನೆಯಲ್ಲಿ ಮಾಡಿದವಳು ಯಾರು, ಈಗ ಎಲ್ಲಿ ಕೂತಿದ್ದಾಳೆ, ಆ ಮನುಷ್ಯನ ತಲೆಗೇ ಹೋಗಲಿಲ್ಲ. ಸರೋಜಳಿಗೆ ಕೂತಲ್ಲಿ ಕೂರಲಾಗಲಿಲ್ಲ. ನಡುವೆ ಎದ್ದು ಹೋಗಿ ವೇಟರಿಗೆ, "ಆ ಹಿರಿಯರ ತಟ್ಟೆ ಖಾಲಿ ಆಯ್ತು, ನೋಡಿ" ಎಂದು ಹೇಳಿ ಬಂದಳು. ಹೊಸ ರವಿಕೆ ಹಾಕಿಕೊಂಡು ಬಂದವಳು ಅಲ್ಲೂ ಬಡಿಸುವ ಮೇಲ್ವಿಚಾರಣೆಗೆ ನಿಂತಿದ್ದಳು. ನನಗೆ ಅಳು ಬರುವಷ್ಟು ಸಿಟ್ಟು ಬಂತು.

ಅಷ್ಟರಲ್ಲಿ ಸ್ಪೀಕರಿನಲ್ಲಿ ಹಾಡು ಹಾಕಿದರು. ವೇಟರ್ ಕೇಕು ತಂದ, ಮೇಲೆ ಸರೋಜಳ ಹೆಸರು ಬರೆದಿತ್ತು. ಆಗ ಅವರಿಗೆ ನೆನಪಾಯಿತು. "ಅತ್ತೆ ಬನ್ನಿ, ಬನ್ನಿ" ಎಂದು ಚೈತ್ರ ಕರೆದಳು. ಸರೋಜ ಹೋಗಿ ಕುರ್ಚಿಗಳ ಹಿಂದೆ ನಿಂತಳು. ಮಗು ಗಗನಾ ಮೇಣದಬತ್ತಿ ಊದಿತು, ಎಲ್ಲರೂ ಚಪ್ಪಾಳೆ ತಟ್ಟಿದರು, ಫೋಟೋ ತೆಗೆದರು. ಆ ಫೋಟೋ ನಾನು ನೋಡಿದ್ದೇನೆ. ಕೂತವರೆಲ್ಲ ನಗುತ್ತಿದ್ದಾರೆ, ಹುಟ್ಟುಹಬ್ಬದವಳು ನಿಂತಿದ್ದಾಳೆ. ಫೋಟೋ ಆದ ಮೇಲೆ ಕೇಕಿನ ಒಂದು ತುಂಡು ಬಾಯಿಗಿಟ್ಟರು. ಅವಳು ಬಾಯಿ ಒರೆಸಿಕೊಂಡು ಮತ್ತೆ ಸೋಫಾಕ್ಕೆ ಬಂದಳು.

ಅವರು ಐಸ್‌ಕ್ರೀಮ್ ಮುಗಿಸಿ, ಬೀಡಾ ಹಾಕಿ ಏಳುವಾಗ ಮೂರು ದಾಟಿತ್ತು. ನಾನು ಎದ್ದು ವೇಟರನ್ನು ಕರೆದೆ, ನಮ್ಮಿಬ್ಬರ ಊಟ ತರಲಿ ಅಂತ.

"ಸಾರಿ ಮೇಡಂ, ಕಿಚನ್ ಕ್ಲೋಸ್ ಆಯ್ತು. ಇನ್ನು ಏಳು ಗಂಟೆಗೇ."

ಗಣಪತಿಗೆ ಅದು ಕಷ್ಟದ ಸಂಗತಿಯೇ ಆಗಲಿಲ್ಲ. ಟೇಬಲ್ಲಿನ ಮೇಲೆ ಉಳಿದದ್ದನ್ನೆಲ್ಲ ಒಂದು ಡಬ್ಬಿಗೆ ತುಂಬಿಸಲು ಹೇಳಿದ. ಅರ್ಧ ಮುರಿದ ಪತ್ರೊಡೆ, ಯಾರದೋ ಚಮಚ ಆಡಿದ ಪಲ್ಯ. ಅದನ್ನು ತಂದು ಅಕ್ಕನ ಕೈಗಿಟ್ಟ. "ತಗ, ಮನೆಗೆ ಹೋಗಿ ಉಂಡ್ರಾಯ್ತು. ಹಾಂ ಅಕ್ಕ, ಇವ್ರು ತೋಟ ನೋಡ್ಕಂಡು ಸಂಜೆ ಮನೆಗೆ ಬರ್ತಾರೆ. ಎಂತಾರೂ ತಿಂಡಿ ಮಾಡ್ಬೇಕು."

ನನ್ನ ಸಹನೆ ಅಲ್ಲಿಗೆ ಹರಿದುಹೋಯಿತು. "ಎಂತ ಗಣಪತಿ, ನಿಂಗೆ ನಾಚ್ಕೆ ಆಗಲ್ವ?" ಅಂದೆ, ಇಡೀ ಹೋಟೆಲಿಗೆ ಕೇಳುವ ಹಾಗೆ. "ಇವಳ ಹೆಸ್ರಿನ ಊಟಕ್ಕೆ ಕರ್ಕಂಬಂದು, ಬಾಗ್ಲಲ್ಲಿ ಕೂರ್ಸಿ, ಎಂಜಲು ಕೊಡ್ತೀಯಲ್ಲ! ನಾಯಿಗಾದ್ರೂ ಒಂದು ತಟ್ಟೆ ಇಡ್ತಾರೆ."

"ನೀವು ಸುಮ್ನಿರಿ ಸುಮಿತ್ರಕ್ಕ, ಇದು ನಮ್ ಮನೆ ವಿಷ್ಯ" ಎಂದ ಅವನು, ಮರುಳಸಿದ್ದಪ್ಪನವರ ಕಡೆ ನೋಡುತ್ತ.

ಸರೋಜ ನನ್ನ ತೋಳು ಹಿಡಿದಳು. ನನ್ನನ್ನು ಸುಮ್ಮನಾಗಿಸುತ್ತಾಳೆ ಅಂದುಕೊಂಡೆ. ಆದರೆ ಅವಳು ಡಬ್ಬಿಯನ್ನು ಸೋಫಾದ ಮೇಲಿಟ್ಟು ಟೇಬಲ್ಲಿಗೆ ನಡೆದಳು. ಮರುಳಸಿದ್ದಪ್ಪನವರು ಎದ್ದ ಕುರ್ಚಿ, ತಲೆಭಾಗದ ಕುರ್ಚಿ, ಅದರಲ್ಲಿ ಕೂತಳು. ಎದುರಿದ್ದ ಎಂಜಲು ತಟ್ಟೆಯನ್ನು ಪಕ್ಕಕ್ಕೆ ತಳ್ಳಿದಳು. ಮ್ಯಾನೇಜರ್ ಓಡಿ ಬಂದ.

"ಈ ಟೇಬಲ್ ಯಾರ ಹೆಸ್ರಲ್ಲಿ ಇರದು?" ಎಂದು ಅವನನ್ನು ಕೇಳಿದಳು.

"ಸರೋಜ ಅಂತ ಮೇಡಂ."

"ಆ ಸರೋಜ ನಾನೇ. ನಂದಿನ್ನೂ ಊಟ ಆಗ್ಲಿಲ್ಲ."

ಗಣಪತಿ ಹತ್ತಿರ ಬಂದು ಬಗ್ಗಿದ. "ಅಕ್ಕ, ಎಲ್ರೂ ನೋಡ್ತಿದಾರೆ. ಮರ್ಯಾದೆ ತೆಗೀಬೇಡ ಮಾರಾಯ್ತಿ. ಮನೆಗೆ ಹೋಗಣ ಬಾ."

"ಮನೇಲಿ ಎಂತ ಇದೆ?"

"ಎಂತಾರೂ ಮಾಡ್ಕಂಡ್ರಾಯ್ತಲ್ಲ."

"ಯಾರು ಮಾಡದು?"

ಅವನು ಬಾಯಿ ತೆರೆದ. ಆ ಪ್ರಶ್ನೆಗೆ ಒಂದೇ ಉತ್ತರ ಇತ್ತು, ಅದನ್ನು ಅಲ್ಲಿ ಹೇಳುವ ಹಾಗಿರಲಿಲ್ಲ.

"ನಂಗೆ ಹಸಿವಾಗಿದೆ ಗಣಪ" ಎಂದಳು ಸರೋಜ. ಅವಳಿಗೆ ಸಿಟ್ಟು ಬಂದದ್ದನ್ನು ನಾನು ಮೊದಲ ಸಲ ನೋಡಿದ್ದು. "ಇಲ್ಲಿ ಊಟ ಮಾಡದಿದೆ ಅಂತ ಬೆಳಗ್ಗೆಯಿಂದ ಆ ಕೇಕಿನ ಚೂರು ಬಿಟ್ರೆ ಎಂತದೂ ತಿಂದಿಲ್ಲ. ನಿಮ್ಗೆಲ್ಲ ತಿಂಡಿ ಮಾಡಿ ಕೊಟ್ಟು ನಾನು ಕಾಫಿ ಕುಡ್ದು ಬಂದೆ. ಯಾರಾದ್ರೂ ಕೇಳಿದ್ರನಾ?"

ನವೀನನ ಕಣ್ಣಲ್ಲಿ ನೀರು ತುಂಬಿತ್ತು. ಬರಲಿ ಎಂದುಕೊಂಡೆ, ನನಗೆ ಅಯ್ಯೋ ಅನಿಸಲಿಲ್ಲ. ಮ್ಯಾನೇಜರ್ ಒಳಗೆ ಹೋಗಿ ಅಡುಗೆಯವರ ಹತ್ತಿರ ಮಾತಾಡಿ ಬಂದ. ಅನ್ನ ಸಾರು ಮಾತ್ರ ಆಗುತ್ತದೆ, ಅರ್ಧ ಗಂಟೆ ಬೇಕು ಅಂದ. "ಆಗ್ಲಿ, ಸುಮಿತ್ರಂಗೂ ಹಾಕಿ" ಎಂದಳು ಸರೋಜ. ಗಣಪತಿ ಕಾರಿನ ಕೀಲಿ ಕೈಯಲ್ಲಿ ತಿರುಗಿಸುತ್ತ ನಿಂತ. ಬಿಟ್ಟು ಹೋಗಲಾರ, ಮರುಳಸಿದ್ದಪ್ಪನವರ ಹೆಂಡತಿ ಆಗಲೇ, "ಪಾಪ, ಅವ್ರ ಊಟ ಆಗ್ಲಿ, ಎಂತ ಅವಸರ" ಎಂದುಬಿಟ್ಟಿದ್ದರು.

ಅನ್ನ ಬಂತು, ಹೊಗೆಯಾಡುವ ಅನ್ನ. ವೇಟರ್ ಸೌಟು ಹಿಡಿದು ಬಗ್ಗಿದ. ಸರೋಜ ತಟ್ಟೆಗೆ ಕೈ ಅಡ್ಡ ಹಿಡಿದಳು.

"ನೀವಿರಿ. ಇವನು ಬಡಿಸ್ತಾನೆ."

ಗಣಪತಿ ಮುಖ ಕೆಂಪಗೆ ಮಾಡಿಕೊಂಡು ಸೌಟು ತೆಗೆದುಕೊಂಡ. ಅದನ್ನು ಹೇಗೆ ಹಿಡಿಯಬೇಕೆಂದೂ ಅವನಿಗೆ ಗೊತ್ತಿರಲಿಲ್ಲ. ಮಗುವಿಗೆ ಹಾಕಿದಷ್ಟು ಒಂದು ಚೂರು ಅನ್ನ ಹಾಕಿ ನಿಂತ.

"ಹಾಕು" ಎಂದಳು.

ಇನ್ನೊಂದು ಸೌಟು ಹಾಕಿದ. ಅವಳ ಮುಖ ನೋಡಿದ. ಅವಳು ತಟ್ಟೆಯನ್ನೇ ನೋಡುತ್ತಿದ್ದಳು. ಮತ್ತೊಂದು ಹಾಕಿದ.

ಸರೋಜ ಸಾಕು ಅನ್ನಲಿಲ್ಲ.